ನನ್ನ ಹೆಸರಿಗೊಂದು ಟೆಸ್ಟ್ ಕಾರ್ಡು

ಕಾಗದದ ವಸ್ತು ಯಾವುದೇ ಕೈಗೆ ಬರಲಿ, ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ಎತ್ತಿ ಇಳಿಸಿ ನೋಡುವ ಚಾಳಿ ನನಗಿದೆ. ಹೋದ ವಾರ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಮಂಡಿಯ ಎಕ್ಸ್‌ರೇ ಇದ್ದ ದೊಡ್ಡ ಲಕೋಟೆ ಕೊಟ್ಟರು. ವರದಿಯಲ್ಲಿ ಏನಿದೆಯೆಂದು ಕೇಳುವ ಮೊದಲೇ ಕೈ ಅದನ್ನು ತೂಗಿಬಿಟ್ಟಿತು. ಕೌಂಟರಿನ ಹುಡುಗಿ, "ಏನ್ ಮೇಡಂ, ಪರಂಗಿಹಣ್ ನೋಡ್ದಂಗ್ ನೋಡ್ತಿದೀರಾ?" ಎಂದು ನಕ್ಕಳು. ಇದಕ್ಕೆ ಎಷ್ಟು ಸ್ಟಾಂಪು ಬೇಕಾಗುತ್ತದೆಂದು ಲೆಕ್ಕ ಹಾಕುತ್ತಿದ್ದೆ ಎಂದು ಹೇಳಿದರೆ ಪಕ್ಕದ ಮಾನಸಿಕ ವಿಭಾಗಕ್ಕೆ ಕಳಿಸಿಯಾರೆಂದು ಲಕೋಟೆಯನ್ನು ಕಂಕುಳಿಗೆ ಸೇರಿಸಿದೆ. ಮಂಡಿ ಸವೆದಿದೆಯಂತೆ, ತೂಕ ಇಳಿಸಬೇಕಂತೆ. ಇಷ್ಟು ವರ್ಷ ಊರವರ ಕಾಗದದ ತೂಕದ ಮೇಲೇ ಕಣ್ಣಿಟ್ಟಿದ್ದವಳಿಗೆ ತನ್ನ ತೂಕ ಏರಿದ್ದು ಕಾಣಲಿಲ್ಲ ನೋಡಿ.

ಈ ಚಾಳಿ ಅಂಟಿದ್ದು ಪೀಣ್ಯದಲ್ಲಿ. ಅಲ್ಲಿನ ಒಂದು ವಾಲ್ವು ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ಗುಮಾಸ್ತೆಯಾಗಿದ್ದೆ. ಬಾಗಿಲ ಮೇಲೆ 'ಡಿಸ್ಪ್ಯಾಚ್ ಸೆಕ್ಷನ್' ಎಂಬ ಗಂಭೀರವಾದ ಬೋರ್ಡು ಇತ್ತು. ಒಳಗೆ ಇದ್ದದ್ದು ಒಂದು ಮೇಜು, ಗೋಂದಿನ ಬಾಟಲಿ, ನೀರಿನ ಬಟ್ಟಲಲ್ಲಿ ನೆನೆದ ಸ್ಪಂಜು, ಸ್ಟೋರ್ಸಿನವರು ವಾಷರು ತೂಗಿ ತೂಗಿ ಬೇಸತ್ತು ಬಿಟ್ಟುಕೊಟ್ಟ ತಕ್ಕಡಿ ಮತ್ತು ನಾನು. ಸೆಕ್ಷನ್ನಿನ ತಲೆಯೂ ನಾನೇ, ಬಾಲವೂ ನಾನೇ. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಗೋಂದಿನ ವಾಸನೆ, ಮನೆಗೆ ಹೋಗಿ ಕೈ ತೊಳೆದರೂ ಗೋಂದಿನ ವಾಸನೆ. ನನಗೆ ಅದು ಈಗಲೂ ಅನ್ನದ ವಾಸನೆಯ ಹಾಗೆಯೇ ಇಷ್ಟ.

ಕೆಲಸ ಇಷ್ಟೇ: ಕಾಗದ ತೂಗಬೇಕು, ತೂಕಕ್ಕೆ ತಕ್ಕ ಸ್ಟಾಂಪು ಅಂಟಿಸಬೇಕು. ಹೇಳುವಷ್ಟು ಸುಲಭವಲ್ಲ. ತೂಕದ ಗೆರೆ ಕೂದಲೆಳೆಯಷ್ಟು ದಾಟಿದರೂ ಇನ್ನೊಂದು ಸ್ಟಾಂಪು ಬೇಕು. ಹೆಚ್ಚು ಅಂಟಿಸಿದರೆ ಅಕೌಂಟ್ಸಿನವರು ಬೈಯುತ್ತಾರೆ. ಕಡಿಮೆ ಅಂಟಿಸಿದರೆ ಅಂಚೆಯವರು, ಕಾಗದ ತಲುಪಬೇಕಾದವರ ಮನೆ ಬಾಗಿಲಿಗೇ ಹೋಗಿ ಕಡಿಮೆ ಬಿದ್ದದ್ದರ ಎರಡರಷ್ಟು ವಸೂಲು ಮಾಡುತ್ತಾರೆ. ಅದಕ್ಕೆ 'ಡ್ಯೂ' ಎಂದು ಹೆಸರು. ಕೊಡುವುದಿಲ್ಲ ಎಂದರೆ ಕಾಗದ ಕಳಿಸಿದವರ ಹತ್ತಿರವೇ ತಿರುಗಿ ಬರುತ್ತದೆ, ಆಗ ಅವರೇ ಕಟ್ಟಬೇಕು.

ಡ್ಯೂ ಎಂದರೆ ನಮ್ಮ ಮನೆತನಕ್ಕೆ ಹಳೆಯ ನೆಂಟಸ್ತಿಕೆ. ನಮ್ಮಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕ್ವಾರ್ಟರ್ಸಿನಲ್ಲಿ ಅಪ್ಪ, ಅಮ್ಮ, ನಾನು ಮೂರೇ ಜನ. ಚಿಕ್ಕಪ್ಪನ ಮದುವೆ ಗೊತ್ತಾದಾಗ ಲಗ್ನಪತ್ರಿಕೆ ಹಂಚುವ ಭಾರ ಅಪ್ಪನ ತಲೆಗೆ ಬಂತು. ಅಮ್ಮ ಪ್ರತಿ ಲಕೋಟೆಯೊಳಕ್ಕೆ ಒಂದು ಚಿಟಿಕೆ ಮಂತ್ರಾಕ್ಷತೆ ಹಾಕಿದಳು. ಬಾಯಿ ತೆರೆದೇ ಕಳಿಸಿದರೆ ದರ ಕಡಿಮೆ, ಆದರೆ ಅಕ್ಷತೆಯೆಲ್ಲ ದಾರಿಯಲ್ಲೇ ಚೆಲ್ಲಿ ಅಂಚೆ ಕಚೇರಿಯ ಇಲಿಗಳಿಗೆ ಆಶೀರ್ವಾದವಾಗುತ್ತದೆ ಎಂದು ಅಪ್ಪ ಲಕೋಟೆ ಅಂಟಿಸಿದರು. ಅಂಟಿಸಿದ ಮೇಲೆ ತೂಕ ಗೊತ್ತಾಗಬೇಕಲ್ಲ? ಕಾಲೊನಿಯ ಹಿಂದೆ ಒಬ್ಬ ಆಚಾರಿ ಚಿನ್ನದ ಕೆಲಸ ಮಾಡುತ್ತಿದ್ದ. ಅವನ ಪುಟ್ಟ ತಕ್ಕಡಿಯ ಒಂದು ತಟ್ಟೆಯಲ್ಲಿ ಲಗ್ನಪತ್ರಿಕೆ ಉಸಿರಾಡುತ್ತ ಕೂತದ್ದು, ಆಚಾರಿ ಫ್ಯಾನು ಆರಿಸಲು ಹೇಳಿದ್ದು, ನಾನೂ ಮೂಗು ಹಿಡಿದುಕೊಂಡು ನಿಂತದ್ದು ನೆನಪಿದೆ. ಆಚಾರಿ ತೂಕವನ್ನು ತೊಲದಲ್ಲಿ ಹೇಳಿದ. ಅಪ್ಪ ತೊಲಕ್ಕೆ ಹತ್ತು ಗ್ರಾಮೆಂದು ಲೆಕ್ಕ ಹಿಡಿದರು. ಆಚಾರಿಯ ಹಳೆಯ ತೊಲ ಅದಕ್ಕಿಂತ ಪುಷ್ಟವಾಗಿತ್ತು. ಮದುವೆಗೆ ಬಂದವರೆಲ್ಲ ಡ್ಯೂ ಕಟ್ಟಿ ಬಂದವರೇ. "ನಿಮ್ ಪತ್ರಿಕೇಗೆ ದುಡ್ ಕೊಟ್ ಬಂದಿದೀವಿ ಕಣಯ್ಯ, ಮುಯ್ಯೀಲಿ ಮುರ್ಕೊಂಡಿದೀವಿ" ಎಂದು ದೊಡ್ಡಮಾವ ಊಟದ ಪಂಕ್ತಿಯಲ್ಲೇ ಕೂಗಿ ಹೇಳಿದರು. ಅಪ್ಪ ಪಾಯಸ ಬಡಿಸುತ್ತಿದ್ದವರು ಆ ಸಾಲನ್ನೇ ಬಿಟ್ಟು ಮುಂದೆ ಹೋದರು.

ಅಪ್ಪ ಹೋದರು, ಅಮ್ಮ ಹೋದಳು, ಕ್ವಾರ್ಟರ್ಸು ಬಿಟ್ಟುಕೊಟ್ಟದ್ದಾಯಿತು. ನನಗೆ ಮದುವೆಯಾಗಲಿಲ್ಲ. ಏಕೆ ಎಂದು ಕೇಳಬೇಡಿ, ಕೇಳಬೇಕಾದ ಕಾಲದಲ್ಲಿ ಯಾರೂ ಕೇಳಲಿಲ್ಲ. ಟಿ. ದಾಸರಹಳ್ಳಿಯಲ್ಲಿ ಮುನಿರಾಜಪ್ಪ ಎಂಬವರ ಮೂರನೇ ಮಹಡಿಯ ಮೇಲೆ, ನೀರಿನ ಟ್ಯಾಂಕಿಗೆ ಒರಗಿಕೊಂಡಂತಿದ್ದ ಒಂಟಿ ಕೋಣೆ ಹಿಡಿದೆ. ಕೆಳಗೆ ಪ್ರತಿ ಮನೆಯಲ್ಲೂ ಕಾರ್ಖಾನೆಯ ಜನ. ಮೂರು ಪಾಳಿಯವರು ಇದ್ದುದರಿಂದ ಯಾವ ಹೊತ್ತಿನಲ್ಲೂ ಯಾರೋ ಒಬ್ಬರ ಕುಕ್ಕರು ಕೂಗುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅಷ್ಟು ಜನರ ನಡುವೆ ಇದ್ದೂ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನನ್ನ ದನಿ ನಾನೇ ಕೇಳಿಸಿಕೊಳ್ಳದೆ ಇದ್ದುಬಿಡುತ್ತಿದ್ದೆ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಕಟ್ಟಿದಂತಾಗಿ, ಕಂಡಕ್ಟರು "ಏನಮ್ಮಾ? ಜೋರಾಗೇಳಿ" ಅನ್ನುತ್ತಿದ್ದ.

ಇನ್ನು ಹೊಸ ವರ್ಷದ ಕಾರ್ಡಿನ ವಿಷಯ. ಪ್ರತಿ ಡಿಸೆಂಬರಿನಲ್ಲಿ ನಮ್ಮ ಕಂಪನಿ ಗಿರಾಕಿಗಳಿಗೆಲ್ಲ ಶುಭಾಶಯದ ಕಾರ್ಡು ಕಳಿಸುತ್ತಿತ್ತು. ಇದು ಕಡಿಮೆ ದರದ ಬುಕ್ ಪೋಸ್ಟು. ಲಕೋಟೆಯ ಬಾಯಿ ಅಂಟಿಸಬಾರದು, ಕೈಯಲ್ಲಿ ಬರೆದರೆ ಐದು ಪದ ಮೀರಬಾರದು, ಅದೂ ಬರೀ ಶುಭಾಶಯ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಒಂದು ವರ್ಷ ಮಾರ್ಕೆಟಿಂಗಿನವರಿಗೆ ಉಮೇದು ಬಂದು, ಮಡಚಿ ಮೇಜಿನ ಮೇಲೆ ನಿಲ್ಲಿಸುವ ಕ್ಯಾಲೆಂಡರ್ ಕಾರ್ಡು ಮಾಡಿಸಿದರು. ಮಟಮಟ ಮಧ್ಯಾಹ್ನ ತೂಗಿದೆ. ಗೆರೆಯ ಒಳಗೇ ಇತ್ತು. ಸ್ಟಾಂಪು ಅಂಟಿಸಿ ಚೀಲ ತುಂಬಿ ಕಿಟಕಿಯ ಪಕ್ಕ ಇಟ್ಟು ಮನೆಗೆ ಹೋದೆ. ಬೆಳಗಿನ ಮಂಜಿನಲ್ಲಿ ಕಾಗದ ನೀರು ಕುಡಿಯುತ್ತದೆ ಎಂದು ನನಗೇನು ಗೊತ್ತು? ಕಾರ್ಡುಗಳು ಮೈಕೈ ತುಂಬಿಕೊಂಡು ಗೆರೆ ದಾಟಿದವು. ಕೊಯಮತ್ತೂರಿನ ದೊಡ್ಡ ಗಿರಾಕಿ ಫೋನು ಮಾಡಿ, ನೀವು ಹೊಸ ವರ್ಷದ ಶುಭ ಕೋರಿದ್ದಕ್ಕೆ ನಾವೇಕೆ ಕಾಸು ಕೊಡಬೇಕು ಎಂದು ಕೇಳಿದರಂತೆ. ಮ್ಯಾನೇಜರ್ ನಾಗರಾಜ್ ಸಾರ್ ನನ್ನನ್ನು ಕರೆದು, "ಸರೋಜಾ ಮೇಡಂ, ವಾಲ್ವು ಲೀಕ್ ಆದ್ರೆ ಏನಾದ್ರೂ ಸಮಾಧಾನ ಹೇಳ್ಬೋದು. ಇದಕ್ ಏನ್ ಹೇಳ್ಲಿ?" ಎಂದರು. ಚಿಕ್ಕಪ್ಪನ ಮದುವೆಯಲ್ಲಿ ಅಪ್ಪನ ಮುಖ ಹೇಗಿತ್ತೋ ನನ್ನದೂ ಹಾಗೇ ಆಗಿರಬೇಕು.

ಅಂದಿನಿಂದ ನಾನೇ ಒಂದು ಕ್ರಮ ಮಾಡಿಕೊಂಡೆ. ಎಲ್ಲ ಕಾರ್ಡು ಕಳಿಸುವ ಮೊದಲು ಒಂದೇ ಒಂದನ್ನು ಸ್ಟಾಂಪು ಅಂಟಿಸಿ ನನ್ನ ಮನೆ ವಿಳಾಸಕ್ಕೆ ಹಾಕುವುದು. ಅದು ಯಾವ ತಕರಾರಿಲ್ಲದೆ ಬಂದರೆ ತೂಕ ಸರಿ, ಉಳಿದದ್ದನ್ನು ಬಿಡಬಹುದು. ಡ್ಯೂ ಕೇಳಿದರೆ ಇನ್ನೊಂದು ಸ್ಟಾಂಪು. ನಾಗರಾಜ್ ಸಾರ್ ಇದನ್ನು ಮೆಚ್ಚಿ 'ಟೆಸ್ಟ್ ಕಾರ್ಡು' ಎಂದು ಹೆಸರಿಟ್ಟರು.

ಮೊದಲ ಟೆಸ್ಟ್ ಕಾರ್ಡಿಗೆ ವಿಳಾಸ ಬರೆಯುವಾಗ ಪೇಚಾಟವಾಯಿತು. ಶ್ರೀಮತಿ ಎನ್ನುವಂತಿಲ್ಲ. ಕುಮಾರಿ ಎಂದರೆ ತಲೆಯ ನರೆಗೂದಲೇ ನಗುತ್ತದೆ. ಕೊನೆಗೆ ಆಫೀಸಿನ ರೂಢಿಯಂತೆ ಇಂಗ್ಲಿಷಿನಲ್ಲಿ ಬರೀ ಹೆಸರು ಬರೆದು ಪಾರಾದೆ. ಕಾರ್ಡು ಬಂತು. ಮುನಿರಾಜಪ್ಪ ಅದನ್ನು ಎಲ್ಲರ ಟಪಾಲು ಇಡುವ ಮೀಟರ್ ಬೋರ್ಡಿನ ಮೇಲೆ ಇಡದೆ ಕೈಯಲ್ಲೇ ಹಿಡಿದು ಕಾಯುತ್ತಿದ್ದರು. ಬಾಯಿ ತೆರೆದ ಲಕೋಟೆಯಾದ್ದರಿಂದ ಓದಿಯೂ ಇದ್ದರು. "ಸರೋಜಮ್ಮ, ನಿಮ್ ಕಂಪ್ನಿಯೋರು ಬಲೇ ಮರ್ವಾದಸ್ತರು ಬುಡಿ. ಕೆಲ್ಸ ಮಾಡೋರ್ಗೂ ಕಾರ್ಡ್ ಆಕ್ತಾರಲ್ಲ!" ಎಂದರು. ನಾನು ಹೌದೆಂದೆ. ಮೇಲೆ ಹೋಗಿ ಬಾಗಿಲು ಹಾಕಿಕೊಂಡು, ನಾನೇ ಮಡಚಿ ನಾನೇ ಹಾಕಿದ ಕಾರ್ಡನ್ನು ತೆರೆದು ನೋಡಿದೆ. ನಿಮಗೆ ನಗು ಬರುತ್ತದೆ, ಬರಲಿ. ನನಗೆ ಸಂತೋಷವಾಗಿತ್ತು. ಆ ಕೋಣೆಗೆ ನನ್ನ ಹೆಸರು ಹಿಡಿದುಕೊಂಡು ಬಂದ ಮೊದಲ ಕಾಗದ ಅದು, ವಿಮೆಯ ನೋಟೀಸನ್ನು ಬಿಟ್ಟರೆ.

ಮುಂದೆ ಆ ರುಚಿ ಹತ್ತಿತು. ಆಯುಧಪೂಜೆಯ ಆಮಂತ್ರಣಕ್ಕೂ ಟೆಸ್ಟು, ಕಂಪನಿಯ ವಾರ್ಷಿಕೋತ್ಸವಕ್ಕೂ ಟೆಸ್ಟು. ಐದು ಪದ ಬರೆಯಲು ಅವಕಾಶವಿದ್ದ ಮೇಲೆ ಖಾಲಿ ಬಿಡುವುದೇಕೆ ಎಂದು ಕೈಯಲ್ಲಿ ಬರೆಯಲಾರಂಭಿಸಿದೆ. ಮೊದಮೊದಲು 'ಶುಭವಾಗಲಿ'. ಆಮೇಲೆ 'ಚೆನ್ನಾಗಿದ್ದೀಯಾ?' ಒಂದು ವರ್ಷ 'ಹಬ್ಬಕ್ಕೆ ಏನು ಮಾಡಿದೆ?' ಎಂದು ಬರೆದು, ಅದು ತಲುಪಿದ ದಿನ ಏನೂ ಮಾಡಿಲ್ಲವಲ್ಲ ಎಂದು ನಾಚಿಕೆಯಾಗಿ ಒಂದು ಪಾವು ಅಕ್ಕಿ ಹಾಕಿ ಚಿತ್ರಾನ್ನ ಕಲಸಿದೆ. ಬೇರೆಯವರು ಕೇಳಿದ್ದರೆ 'ಅಯ್ಯೋ, ಒಬ್ಬಳಿಗೆ ಏನು ಮಾಡೋದು' ಎಂದು ಜಾರಿಕೊಳ್ಳುತ್ತಿದ್ದೆ.

ಹೀಗೆ ಕೆಲವು ವರ್ಷ ಸರಾಗವಾಗಿ ನಡೆಯಿತು. ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲದಲ್ಲಿ ಬಾಡಿಗೆಗಳೂ ಅವುಗಳ ಜೊತೆ ಎದ್ದವು. ನಾನು ಮುನಿರಾಜಪ್ಪನವರ ಕೋಣೆ ಬಿಟ್ಟು ನಾಲ್ಕಾರು ಬೀದಿಯಾಚೆ, ಬಾಗಲಗುಂಟೆ ಕಡೆ, ಒಂದು ಹಿತ್ತಿಲ ಮನೆಗೆ ಹೋದೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಜ್ವರ ಮಲಗಿಸಿತು. ಹೊಸ ಬೀದಿಯಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಗಂಜಿ ಕಾಯಿಸಲು ಎದ್ದವಳು ಒಲೆಯ ಕಟ್ಟೆ ಹಿಡಿದುಕೊಂಡು, ನಾನು ಇಲ್ಲೇ ಬಿದ್ದರೆ ಮೊದಲು ಗೊತ್ತಾಗುವುದು ಹಾಲಿನವನಿಗೋ ಬಾಡಿಗೆ ಕೇಳಲು ಬರುವವರಿಗೋ ಎಂದು ಯೋಚಿಸಿದೆ. ಹೆದರಿಕೆಯಾಯಿತು. ಸಾವಿಗಲ್ಲ, ಗೊತ್ತಾಗುವುದು ತಡವಾಗುತ್ತದಲ್ಲ ಎಂಬುದಕ್ಕೆ.

ಜ್ವರ ಬಿಟ್ಟು ಕೆಲಸಕ್ಕೆ ಹೋದಾಗ ಡಿಸೆಂಬರು ಅರ್ಧವಾಗಿತ್ತು, ಕಾರ್ಡುಗಳು ಮೇಜಿನ ಮೇಲೆ ಗುಡ್ಡೆ ಬಿದ್ದಿದ್ದವು. ಆ ಸಲದ ಕಾರ್ಡಿಗೆ ಒಳಗೊಂದು ಪ್ಲಾಸ್ಟಿಕ್ಕಿನ ಕಿರು ಕ್ಯಾಲೆಂಡರು ಸಿಕ್ಕಿಸಿದ್ದರು. ತಕ್ಕಡಿಯ ಮುಳ್ಳು ಗೆರೆಯ ಮೇಲೇ ನಿಂತು ಅತ್ತಿತ್ತ ನೋಡುತ್ತಿತ್ತು. ಟೆಸ್ಟು ಹಾಕದೆ ವಿಧಿಯಿಲ್ಲ. ಪೆನ್ನು ಎತ್ತಿಕೊಂಡೆ. ಅಂದು ಐದು ಪದದಲ್ಲಿ ನಿಲ್ಲಲಾಗಲಿಲ್ಲ. 'ಜ್ವರ ಬಿಟ್ಟಿತೇ? ಹೊಸ ಮನೆ ಹಿಡಿಸಿತೇ? ಒಬ್ಬಳೇ ಇದ್ದೀಯ, ಜೋಪಾನ' ಎಂದು ಬರೆದು, ಹೆಸರು ಬರೆದು, ವಿಳಾಸ ಬರೆದು ಚೀಲಕ್ಕೆ ಹಾಕಿದೆ.

ಕಾರ್ಡು ಬರಲಿಲ್ಲ. ಎರಡು ದಿನಕ್ಕೆ ಬರುವುದು ವಾರವಾದರೂ ಇಲ್ಲ. ನಾಗರಾಜ್ ಸಾರ್, "ಟೆಸ್ಟ್ ರಿಸಲ್ಟ್ ಬಂತಾ ಮೇಡಂ? ಹೊಸ ವರ್ಷ ಮುಗ್ದ್ ಮೇಲೆ ಕಳಿಸ್ತೀರಾ?" ಎಂದು ದಿನವೂ ಕೇಳತೊಡಗಿದರು. ಕೊನೆಗೆ ಎಲ್ಲಕ್ಕೂ ಒಂದೊಂದು ಸ್ಟಾಂಪು ಹೆಚ್ಚಿಗೆ ಜಡಿದು ಕಳಿಸಿದೆ. ಆಫೀಸಿನ ತಲೆನೋವು ಅಲ್ಲಿಗೆ ಮುಗಿಯಿತು. ನನ್ನ ತಲೆನೋವು ಮುಗಿಯಲಿಲ್ಲ. ಸಂಜೆ ಮನೆಗೆ ಬಂದವಳು ಮೊದಲು ಬಾಗಿಲ ಸಂದಿ ನೋಡುತ್ತಿದ್ದೆ. ನನಗೆ ನಾನೇ ಬರೆದದ್ದು, ಏನು ಬರೆದಿದೆ ಎಂದು ಬಾಯಿಪಾಠವಾಗಿ ಗೊತ್ತು. ಆದರೂ ಅದು ಬರದೇ ಹೋದದ್ದಕ್ಕೆ ಯಾರೋ ನನ್ನ ಮೇಲೆ ಮುನಿಸಿಕೊಂಡಷ್ಟು ದುಃಖವಾಯಿತು.

ಜನವರಿಯ ಮೊದಲ ವಾರ ಗೇಟಿನ ಸೆಕ್ಯುರಿಟಿ ಬಂದು, "ಮೇಡಂ, ಯಾರೋ ಹೆಂಗಸು. ಕೈಲಿ ನಮ್ ಕಂಪ್ನಿ ಕಾರ್ಡ್ ಇಟ್ಕೊಂಡವ್ಳೆ. ಬರ್ದೋರ್ನ ನೋಡ್ದೆ ಓಗಲ್ಲ ಅಂತಾಳೆ" ಎಂದ. ಹೋಗಿ ನೋಡಿದರೆ ಮೂವತ್ತರ ಆಸುಪಾಸಿನ ಹೆಂಗಸು. ಮೈಮೇಲೆ ಇಳಕಲ್ ಸೀರೆ, ಅಂಗೈ ತುಂಬ ಸಿಮೆಂಟು ತಿಂದ ಬಿರುಕು. ಸೆರಗಿನೊಳಗಿನಿಂದ ಲಕೋಟೆ ತೆಗೆದಳು. ನನ್ನ ಅಕ್ಷರವೇ. ವಿಳಾಸ ನೋಡಿದೆ. ಹೊಸ ಮನೆ ಹಿಡಿಸಿತೇ ಎಂದು ಕೇಳಿದ ಜಾಣೆ ಕಾರ್ಡನ್ನು ಹಳೆಯ ಮನೆಗೆ ಹಾಕಿದ್ದಳು!

ಅವಳ ಹೆಸರು ಶರಣಮ್ಮ, ಕೊಪ್ಪಳದ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸ. ನಾನು ಬಿಟ್ಟ ಕೋಣೆಗೆ ಬಂದವರು ಅವರೇ.

"ಪೋಸ್ಟಿನಾವ್ರು ರೊಕ್ಕ ಕೇಳಿದ್ರಿ" ಎಂದು ಶುರು ಮಾಡಿದಳು. "ಕೊಡ್ಲಿಲ್ಲಂದ್ರ ತಿರುಗಿ ಒಯ್ತೀನಿ ಅಂದ್ರು. ರೊಕ್ಕ ಕೇಳಾಕತ್ತಾರಂದ್ರ ಏನರ ಬೇಕಾದದ್ದ ಇರಬೇಕು ಅಂತ ಬಿಡಿಸ್ಕೊಂಡ್ನಿರಿ. ಮ್ಯಾಲಿಂದು ಇಂಗ್ಲೀಷು, ನನಗ ಬರಂಗಿಲ್ಲ. ಒಳಗ ಕನ್ನಡ ಇತ್ತು. ಸಾಲಿ ಸ್ವಲ್ಪ ಕಲ್ತೀನ್ರಿ, ಕೂಡಿಸಿ ಕೂಡಿಸಿ ಓದಿದ್ನಿ. 'ಹೊಸ ಮನೆ ಹಿಡಿಸಿತೇ' ಅಂತ ಕೇಳ್ಯಾರ. ನಾವು ಆ ಮನಿಗಿ ಬಂದು ಒಂದ ತಿಂಗಳಾತ್ ನೋಡ್ರಿ. ಯಾರಪಾ ಇವ್ರು, ನಮಗ ಇಷ್ಟ ಕಾಳಜಿಲೆ ಕೇಳಾವ್ರು ಅಂತ ನಮ್ಮ ಮನ್ಯಾವ್ರಿಗೆ ತೋರ್ಸಿದ್ನಿರಿ."

ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇಟ್ಟುಕೊಳ್ಳಬಾರದು ಎನ್ನುವವಳಂತೆ, "ಮನಿ ಚಲೋ ಐತ್ರಿ. ಗಾಳಿ ಬರ್ತೈತಿ. ನೀರಿಂದ ಒಂದ ತ್ರಾಸು" ಎಂದಳು.

"ಹೌದು, ಮೋಟ್ರು ಬೆಳಿಗ್ಗೆ ಮಾತ್ರ ಹಾಕ್ತಾರೆ" ಎಂದು ನನ್ನ ಬಾಯಿಂದ ಬಂದುಹೋಯಿತು.

ಅವಳು ಅದನ್ನು ಗಮನಿಸಲಿಲ್ಲ. "ಆಮ್ಯಾಲೆ ನೋಡಿದ್ರ 'ಜ್ವರ ಬಿಟ್ಟಿತೇ' ಅಂತ ಐತಿ. ನನಗ ಜ್ವರಾನ ಬಂದಿಲ್ಲ. 'ಒಬ್ಬಳೇ' ಅಂತ ಐತಿ. ನಾವು ನಾಕ ಮಂದಿ ಅದೀವಿ. ಆವಾಗ ತಿಳೀತ್ರಿ, ಇದು ನಮ್ದಲ್ಲಂತ. ಪಾಪ, ಯಾರೋ ಒಬ್ಬಾಕೀನ ಇರಾಕಿ ಅದಾಳ. ಜ್ವರ ಬಂದಾವ. ಬರದಾವ್ರು ಅತ್ಲಾಗ ದಾರಿ ಕಾಯಾಕತ್ತಿರ್ತಾರ, ಜವಾಬ ಬರ್ಲಿಲ್ಲಂದ್ರ ಎದಿ ಒಡ್ಕೊಂಡಾರು. ಮ್ಯಾಲಿನ ಹೆಸರಿನಾಕಿ ಯಾರಂತ ಬಾಜೂ ಮನಿಯಾವ್ರಿಗೂ ಗೊತ್ತಿಲ್ಲ, ಕಂಪನಿ ಹೆಸ್ರು ಓದಿ ಹೇಳಿದ್ರು, ಇವತ್ತ ಕೆಲಸ ಸೂಟಿ ಇತ್ತು, ಬಂದ್ನಿ. ಯಾರ್ರಿ ಅಕ್ಕಾರ ಇದನ್ನ ಬರದಾವ್ರು?"

"ನಾನೇ" ಎಂದೆ.

ಅವಳ ಮುಖ ಅರಳಿತು. "ಹೌದ್ರಿ? ಚಲೋ ಆತ ಬಿಡ್ರಿ. ಮತ್ತ ಜ್ವರ ಬಂದ ಆ ಅಕ್ಕಾರು ಎಲ್ಲದಾರ್ರಿ? ಆರಾಮ ಅದಾರೇನು?"

ಸುಳ್ಳು ಹೇಳಬಹುದಿತ್ತು. ತಂಗಿ ಎನ್ನಬಹುದಿತ್ತು, ಸ್ನೇಹಿತೆ ಎನ್ನಬಹುದಿತ್ತು. ಬಸ್ಸಿನ ದುಡ್ಡು ಖರ್ಚು ಮಾಡಿಕೊಂಡು, ಇದ್ದ ಒಂದು ರಜೆಯನ್ನು ಕಳೆದುಕೊಂಡು ಬಂದವಳ ಎದುರು ಅದು ಆಗಲಿಲ್ಲ. "ಅದೂ ನಾನೇ ಶರಣಮ್ಮ. ನನಗೆ ನಾನೇ ಬರ್ಕೊಂಡಿದ್ದು" ಎಂದೆ. ಟೆಸ್ಟು, ತೂಕ, ಸ್ಟಾಂಪು ಎಂದು ಏನೇನೋ ಬಡಬಡಿಸಿ ವಿವರಿಸಲು ಹೋದೆ.

ಅವಳು ತೂಕದ ಮಾತು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಗಲೂ ಇಲ್ಲ. ಮುಂದೆ ಬಂದು, ತನ್ನ ಒರಟು ಕೈಯ ಹಿಂಭಾಗವನ್ನು ನನ್ನ ಕುತ್ತಿಗೆಗೆ ಒತ್ತಿ ಹಿಡಿದಳು. "ಜ್ವರ ಇಲ್ರಿ ಈಗ" ಎಂದಳು. ಗೇಟಿನಲ್ಲಿ ಸೆಕ್ಯುರಿಟಿ ನೋಡುತ್ತಿದ್ದ, ಲಾರಿಯೊಂದು ಹಾರ್ನು ಮಾಡುತ್ತಿತ್ತು. ಯಾರಾದರೂ ನನ್ನ ಮೈ ಮುಟ್ಟಿ ನೋಡಿ ಎಷ್ಟು ಕಾಲವಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಕಣ್ಣೀರು ಬಂತು. ದೂಳು ಎಂದು ಕಣ್ಣೊರೆಸಿಕೊಂಡೆ. ಪೀಣ್ಯದಲ್ಲಿ ಆ ಒಂದು ಅನುಕೂಲವಿದೆ, ಯಾರೂ ಅನುಮಾನ ಪಡುವುದಿಲ್ಲ.

ಅವಳು ಕಟ್ಟಿದ ಡ್ಯೂ ಹಿಂದಿರುಗಿಸಲು ಪರ್ಸು ತೆಗೆದರೆ ಕೈ ಅಡ್ಡ ಹಿಡಿದಳು. "ರೊಕ್ಕ ಬ್ಯಾಡ್ರಿ. ಕಾರ್ಡು ನಾ ಇಟ್ಕೊಳ್ಳೇನ್ರಿ? ನಮ್ಮ ಮನಿಗೂ ಒಂದ ಕಾಗದ ಬಂದೈತಿ ಅಂದ್ಕೋತೀನಿ." ಕೊಟ್ಟೆ. ಲಕೋಟೆಯನ್ನು ಸೆರಗಿಗೆ ಸೇರಿಸಿಕೊಂಡು, "ಸಂಕ್ರಾಂತಿಗೆ ಬರ್ರಿ ಅಕ್ಕಾರ, ಸಜ್ಜಿ ರೊಟ್ಟಿ ಮಾಡ್ತೀನಿ. ಒಬ್ರ ಕುಂದ್ರಬ್ಯಾಡ್ರಿ" ಎಂದು ಹೇಳಿ ಹೋದಳು.

ಆ ಸಂಕ್ರಾಂತಿಗೆ ನಾನು ಮಾಡಿದ ಗಡಿಬಿಡಿಯನ್ನು ಏನು ಹೇಳಲಿ! ಕೊಬ್ಬರಿ ಹೆಚ್ಚಿದೆ, ಬೆಲ್ಲ ಹೆಚ್ಚಿದೆ, ಅವಳ ಮಕ್ಕಳಿಗೆಂದು ಸಕ್ಕರೆ ಅಚ್ಚು ತಂದೆ. ಎಳ್ಳು ಬೆರೆಸಿ ಪೊಟ್ಟಣ ಕಟ್ಟಿ, ಚಾಳಿಯಂತೆ ಅಂಗೈಯಲ್ಲಿ ತೂಗಿ ನೋಡಿ, ಸಾಲದೆಂದು ಇನ್ನೊಂದು ಹಿಡಿ ಹಾಕಿದೆ. ಹಳೆಯ ಮೂರು ಮಹಡಿ ಹತ್ತುವಾಗ ಮಂಡಿ ನೋವೂ ಗೊತ್ತಾಗಲಿಲ್ಲ. ಕೋಣೆಗೆ ಬೀಗ ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ ಬರೀ ನೆಲ.

ಕೆಳಗೆ ಮುನಿರಾಜಪ್ಪ, "ಮೊನ್ನೆ ತಾನೆ ಓದ್ರಲ್ಲ ಸರೋಜಮ್ಮ. ಅತ್ತಿಬೆಲೆ ಕಡೆ ಯಾವ್ದೋ ಒಸಾ ಫ್ಯಾಕ್ಟ್ರಿ ಕಟ್ತಾವ್ರಂತೆ. ಮೇಸ್ತ್ರಿ ಬಂದು ಲಾರೀಲಿ ಅಂಗೇ ಕರ್ಕೊಂಡೋದ. ಅಲ್ಲೇ ಶೆಡ್ಡಂತೆ" ಎಂದರು. ಗಂಡನ ಮೊಬೈಲ್ ನಂಬರು ಕೊಟ್ಟರು. ಎಷ್ಟು ಸಲ ಮಾಡಿದರೂ ಅದು ಸ್ವಿಚ್ ಆಫ್. ಅತ್ತಿಬೆಲೆ ಎಂದರೆ ಊರಿನ ಆ ತುದಿ, ಆಚೆ ಕಾಲಿಟ್ಟರೆ ತಮಿಳುನಾಡು. ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಹೋಗಿಯೂ ಬಂದೆ. ದಾರಿಯ ಎರಡೂ ಕಡೆ ಕಟ್ಟುತ್ತಿರುವ ಕಾರ್ಖಾನೆಗಳೇ, ಎಲ್ಲದರ ಪಕ್ಕದಲ್ಲೂ ತಗಡಿನ ಶೆಡ್ಡುಗಳೇ. ಎಷ್ಟೋ ಕಡೆ ಕೇಳಿದೆ. ಶರಣಮ್ಮ ಎಂದರೆ ಇಬ್ಬರು ತಿರುಗಿ ನೋಡಿದರು, ಇಬ್ಬರೂ ನನ್ನ ಶರಣಮ್ಮ ಅಲ್ಲ.

ಆಗ ಕಾಗದ ಬರೆಯಲು ಕೂತೆ. ಮೊದಲು ಜ್ವರ ಪೂರ್ತಿ ಬಿಟ್ಟಿದೆ ಎಂದು ಬರೆದೆ. ಸಂಕ್ರಾಂತಿಗೆ ಬಂದಿದ್ದೆ ಎಂದು ಬರೆದೆ. ಅಲ್ಲಿ ಮನೆ ಹೇಗಿದೆ, ನೀರು ಹೇಗಿದೆ, ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿದೆ. ಕೂಡಿಸಿ ಕೂಡಿಸಿ ಓದುವವಳಿಗೆ ತೊಡಕಾಗಬಾರದೆಂದು ಒಂದೊಂದು ಅಕ್ಷರವನ್ನೂ ದಪ್ಪದಪ್ಪಗೆ, ಬಿಡಿಬಿಡಿಯಾಗಿ ಬರೆದೆ. ಹಾಳೆಗೆ ನಾಲ್ಕೇ ಸಾಲು ಹಿಡಿದವು. ಹಾಳೆಯ ಮೇಲೆ ಹಾಳೆ ಆಯಿತು. ತಕ್ಕಡಿಯ ಮೇಲಿಟ್ಟರೆ ಮುಳ್ಳು ಮೊದಲ ಗೆರೆ ದಾಟಿ, ಎರಡನೆಯದನ್ನೂ ದಾಟಿ ನಿಂತಿತು. ವಿಳಾಸದ ಜಾಗದಲ್ಲಿ 'ಶರಣಮ್ಮ, ಕೊಪ್ಪಳ ಕಡೆಯವರು, ಹೊಸ ಫ್ಯಾಕ್ಟರಿ ಕಟ್ಟಡದ ಕೆಲಸ, ಅತ್ತಿಬೆಲೆ' ಎಂದಷ್ಟೇ ಬರೆಯಲು ಆದದ್ದು. ಇಂಥ ವಿಳಾಸದ ಕಾಗದಕ್ಕೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಪ್ಪ ಒಂದು ಮಾತು ಹೇಳುತ್ತಿದ್ದರು. ಪೂರ್ತಿ ಸ್ಟಾಂಪು ಹಚ್ಚಿದ ಕಾಗದ ಕಳೆದುಹೋದರೂ ಹೋಯಿತು, ಡ್ಯೂ ಬಿದ್ದ ಕಾಗದ ಕಳೆಯುವುದಿಲ್ಲ. ಅದರ ಮೇಲೆ ಸರ್ಕಾರಕ್ಕೆ ಬರಬೇಕಾದ ದುಡ್ಡಿರುತ್ತದಲ್ಲ, ಪೋಸ್ಟ್‌ಮನ್ ಹುಡುಕಿಕೊಂಡು ಹೋಗಲೇಬೇಕು. ಚಿಕ್ಕಪ್ಪನ ಮದುವೆಗೆ ಒಬ್ಬರೂ ತಪ್ಪದೆ ಬಂದದ್ದು ಅದಕ್ಕೇ ಎಂದು ಅಮ್ಮನ ಹತ್ತಿರ ವಾದಿಸುತ್ತಿದ್ದರು. ಸ್ಟಾಂಪಿನ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಬೇಕಾದಷ್ಟು ಹಚ್ಚಿದರೆ ಅವಳಿಗೆ ಖರ್ಚಿಲ್ಲ, ಆದರೆ ಯಾರೂ ಹುಡುಕುವುದಿಲ್ಲ. ಕಡಿಮೆ ಹಚ್ಚಿದರೆ ಹುಡುಕುತ್ತಾರೆ, ಆದರೆ ಮೈಮುರಿದು ದುಡಿಯುವವಳ ಕೈಯಿಂದ ಮತ್ತೆ ನನಗಾಗಿ ದುಡ್ಡು ಹೋಗುತ್ತದೆ. ಕೊನೆಗೆ ಒಂದೇ ಒಂದು ಸ್ಟಾಂಪು ಹೊರಗೆ ಹಚ್ಚಿದೆ. ಅವಳು ಕಟ್ಟಬೇಕಾಗುವುದಕ್ಕೆ ಸಮನಾದ ಸ್ಟಾಂಪುಗಳನ್ನೂ, ನನ್ನ ವಿಳಾಸ ಬರೆದ ಒಂದು ಲಕೋಟೆಯನ್ನೂ ಒಳಗಿಟ್ಟೆ. ಅವುಗಳ ತೂಕ ಸೇರಿ ಡ್ಯೂ ಇನ್ನೂ ಏರಿತು. ಇನ್ನೆರಡು ಸ್ಟಾಂಪು ಒಳಕ್ಕೆ ಸೇರಿಸಿ ಲಕೋಟೆ ಅಂಟಿಸಿ, ಹಿಂಬದಿಗೆ ಕಳಿಸಿದವರ ಜಾಗದಲ್ಲಿ ನನ್ನ ಹೆಸರು, ಕಾರ್ಖಾನೆಯ ವಿಳಾಸ ಬರೆದೆ.

ನಮ್ಮ ಕಾರ್ಖಾನೆಗೆ ಟಪಾಲು ತರುವ ಗಂಗಣ್ಣನ ಕೈಗೇ ಅದನ್ನು ಕೊಟ್ಟೆ. ಅವನು ಹಿಡಿದ ಕೂಡಲೇ, "ಮೇಡಂ, ಇದಕ್ಕೆ ಈ ಸ್ಟಾಂಪು ಸಾಲಲ್ವಲ್ಲ! ನೀವಾ ತಪ್ ಮಾಡೋದು?" ಎಂದ.

"ಇರ್ಲಿ ಗಂಗಣ್ಣ, ಬೇಕಂತಲೇ."

"ವಾಪಸ್ ಬಂದ್ರೆ ನೀವೇ ಕಟ್ಬೇಕಾಗತ್ತೆ."

"ಕಟ್ತೀನಿ. ಬಂದ್ರೆ ನಂಗೇ ಕೊಡು, ಬೇರೆ ಯಾರ್ ಕೈಗೂ ಕೊಡ್ಬೇಡ."

ಅವನು ಲಕೋಟೆಯನ್ನು ಇನ್ನೊಮ್ಮೆ ತಿರುಗಿಸಿ ವಿಳಾಸ ಓದಿದ. ನನ್ನ ಮುಖ ನೋಡಿ, ಚೀಲಕ್ಕೆ ಹಾಕಿಕೊಂಡು ಸೈಕಲ್ಲು ಹತ್ತಿದ.

ಆಮೇಲೆ ಅವನು ಬಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ, "ಡ್ಯೂ ಏನಾದ್ರೂ ಇದ್ಯಾ ಗಂಗಣ್ಣ?" ಅವನದು ಒಂದೇ ಉತ್ತರ, "ಏನೂ ಇಲ್ಲ ಮೇಡಂ." ಯುಗಾದಿಯಾಯಿತು, ಮಳೆಗಾಲವಾಯಿತು. ಕಂಪನಿಯವರು ಶುಭಾಶಯಗಳನ್ನು ಇ-ಮೇಲಿನಲ್ಲಿ ಕಳಿಸತೊಡಗಿದರು, ತೂಗಲು ಏನೂ ಉಳಿಯಲಿಲ್ಲ. ತಕ್ಕಡಿ ಸ್ಟೋರ್ಸಿಗೆ ಹಿಂತಿರುಗಿತು. ಕೆಲಸದ ಕೊನೆಯ ದಿನವೂ ಗಂಗಣ್ಣನನ್ನು ಕೇಳಿದೆ. ಅವನು ಚೀಲದ ತಳದವರೆಗೆ ಕೈಯಾಡಿಸಿ ನೋಡಿ, ಇಲ್ಲವೆಂದು ತಲೆಯಾಡಿಸಿದ.

ಶರಣಮ್ಮನಿಂದ ಉತ್ತರ ಬರಲಿಲ್ಲ. ನಾನು ಒಳಗಿಟ್ಟ ಲಕೋಟೆ ನನ್ನ ಬಾಗಿಲಿಗೆ ಬರಲಿಲ್ಲ. ಆದರೆ ಡ್ಯೂ ಬಿದ್ದ ಕಾಗದ ಪಡೆಯುವವರು ಸಿಗದಿದ್ದರೆ ಕಳಿಸಿದವರಿಗೆ ತಿರುಗಿ ಬರಬೇಕು. ನನ್ನದು ಇವತ್ತಿನವರೆಗೂ ತಿರುಗಿ ಬಂದಿಲ್ಲ. ಯಾರೋ ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದಾರೆ.